‘ಕಾಣಲಿಲ್ಲ’ ಎಂದರೆ ‘ಇಲ್ಲ’ ಎಂದಲ್ಲ

ನಿಮ್ಮ ಮನೆಯಲ್ಲಿ ಐವತ್ತು ದಾಟಿದವರಿದ್ದರೆ ಅವರ ಔಷಧದ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ. ಲೊಸಾರ್ಟನ್, ಟೆಲ್ಮಿಸಾರ್ಟನ್, ಓಲ್ಮೆಸಾರ್ಟನ್, ವಾಲ್‌ಸಾರ್ಟನ್ – ಹೀಗೆ ‘ಸಾರ್ಟನ್’ ಎಂದು ಕೊನೆಗೊಳ್ಳುವ ಹೆಸರಿನ ಮಾತ್ರೆಯೊಂದು ಅಲ್ಲಿ ಸಿಕ್ಕರೆ ಆಶ್ಚರ್ಯವಿಲ್ಲ. ನನ್ನ ಡಬ್ಬಿಯಲ್ಲೂ ಒಂದಿದೆ. ರಕ್ತನಾಳಗಳನ್ನು ಕುಗ್ಗಿಸುವ ಆಂಜಿಯೊಟೆನ್ಸಿನ್ ಎಂಬ ಹಾರ್ಮೋನು ತನ್ನ ಗ್ರಾಹಕದ ಮೇಲೆ ಕೂರದಂತೆ ತಡೆದು ರಕ್ತದೊತ್ತಡವನ್ನು ಇಳಿಸುವುದು ಈ ಔಷಧಗಳ ಕೆಲಸ. ಒಮ್ಮೆ ಶುರುಮಾಡಿದರೆ ಸಾಮಾನ್ಯವಾಗಿ ಜೀವನವಿಡೀ ನುಂಗಬೇಕು. ಆದ್ದರಿಂದಲೇ ಇವುಗಳಲ್ಲಿ ಕಲ್ಮಶ ಎಷ್ಟಿದೆ ಎಂಬ ಪ್ರಶ್ನೆಗೆ ವಿಶೇಷ ತೂಕವಿದೆ. ನಾಲ್ಕು ದಿನ ನುಂಗಿ ಬಿಡುವ ಮಾತ್ರೆಯಲ್ಲಿ ನಗಣ್ಯವಾದದ್ದು ಮೂವತ್ತು ವರ್ಷ ನುಂಗುವ ಮಾತ್ರೆಯಲ್ಲಿ ನಗಣ್ಯವಲ್ಲ.

2018ರ ಜುಲೈಯಲ್ಲಿ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿಯೂ ಅದರ ಹಿಂದೆಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ (ಎಫ್‌ಡಿಎ) ಒಂದು ಸುದ್ದಿ ಪ್ರಕಟಿಸಿದವು. ಚೀನಾದ ಝೆಜಿಯಾಂಗ್ ಹುವಾಹಾಯ್ ಕಂಪನಿ ತಯಾರಿಸಿದ ವಾಲ್‌ಸಾರ್ಟನ್‌ನಲ್ಲಿ ಎನ್-ನೈಟ್ರೋಸೋಡೈಮೀಥೈಲ್ ಅಮೀನ್ ಎಂಬ ವಸ್ತು ಸಿಕ್ಕಿತ್ತು. ಇದನ್ನು ಚಿಕ್ಕದಾಗಿ ಎನ್‌ಡಿಎಂಎ ಎನ್ನೋಣ. ಇದು ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಉಂಟುಮಾಡುತ್ತದೆಂದು ಮಗೀ ಮತ್ತು ಬಾರ್ನ್ಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು 1956ರಲ್ಲೇ ತೋರಿಸಿದ್ದರು. ಅಂಥ ವಸ್ತು ಕೋಟ್ಯಂತರ ಜನ ನುಂಗುವ ಮಾತ್ರೆಯೊಳಗೆ ಹೇಗೆ ಬಂತು ಎಂದು ಎಲ್ಲರೂ ಕೇಳಿದರು. ಅದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆ ಇದೆ. ಪ್ರತಿಯೊಂದು ಬ್ಯಾಚನ್ನೂ ಪರೀಕ್ಷಿಸಿಯೇ ಹೊರಗೆ ಕಳಿಸುತ್ತಿದ್ದಾಗ, ಅದು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದದ್ದು ಹೇಗೆ? ಈ ಲೇಖನದಲ್ಲಿ ವಿಮರ್ಶೆಗೆ ಒಳಪಡಿಸಲು ಹೊರಟಿರುವುದು ಕಲ್ಮಶವನ್ನಲ್ಲ, ಪರೀಕ್ಷೆಯನ್ನು.

ಪಠ್ಯಪುಸ್ತಕದಲ್ಲಿದ್ದ ಕ್ರಿಯೆ

ವಾಲ್‌ಸಾರ್ಟನ್, ಲೊಸಾರ್ಟನ್ ಮೊದಲಾದ ಅಣುಗಳಲ್ಲಿ ನಾಲ್ಕು ನೈಟ್ರೋಜನ್ ಮತ್ತು ಒಂದು ಕಾರ್ಬನ್ ಪರಮಾಣುಗಳು ಸೇರಿದ ಪಂಚಕೋನಾಕಾರದ ಟೆಟ್ರಾಜೋಲ್ ಬಳೆಯಿದೆ. ಈ ಬಳೆಯನ್ನು ಕಟ್ಟಲು ಅಜೈಡ್ ಬೇಕು. 2012ರ ಸುಮಾರಿಗೆ ಹುವಾಹಾಯ್ ತನ್ನ ತಯಾರಿಕಾ ವಿಧಾನವನ್ನು ಬದಲಿಸಿತು. ಹೊಸ ವಿಧಾನದಲ್ಲಿ ಡೈಮೀಥೈಲ್ ಫಾರ್ಮಮೈಡ್ (ಡಿಎಂಎಫ್) ಎಂಬ ದ್ರಾವಕದಲ್ಲಿ ಸತುವಿನ ಕ್ಲೋರೈಡ್ ಮತ್ತು ಸೋಡಿಯಂ ಅಜೈಡನ್ನು ಬಳಸಲಾಯಿತು. ಕ್ರಿಯೆ ಮುಗಿದ ಮೇಲೆ ಉಳಿಯುವ ಅಜೈಡ್ ವಿಷಕಾರಿ. ಅದನ್ನು ನಾಶಪಡಿಸಲು ಸೋಡಿಯಂ ನೈಟ್ರೈಟ್ ಮತ್ತು ಆಮ್ಲ ಸೇರಿಸಿದರು. ಆಗ ನೈಟ್ರಸ್ ಆಮ್ಲ ಹುಟ್ಟುತ್ತದೆ. ಇತ್ತ ಡಿಎಂಎಫ್ ಸ್ವಲ್ಪಮಟ್ಟಿಗೆ ಒಡೆದು ಡೈಮೀಥೈಲ್ ಅಮೀನ್ ಆಗುತ್ತದೆ. ಇವೆರಡೂ ಒಂದೇ ಪಾತ್ರೆಯಲ್ಲಿ ಎದುರಾದರೆ ಆಗುವುದು ಎನ್‌ಡಿಎಂಎ.

ರಸಾಯನಶಾಸ್ತ್ರದ ಅಧ್ಯಾಪಕರು ಇಲ್ಲಿ ತಟ್ಟನೆ ತಲೆಯೆತ್ತಬೇಕು. ದ್ವಿತೀಯಕ ಅಮೀನಿಗೆ ನೈಟ್ರಸ್ ಆಮ್ಲ ಸೇರಿಸಿದರೆ ಹಳದಿ ಬಣ್ಣದ ಎಣ್ಣೆಯಂಥ ನೈಟ್ರೋಸೋ ಅಮೀನ್ ಬರುತ್ತದೆ ಎಂಬುದು ಅಮೀನುಗಳನ್ನು ಗುರುತಿಸುವ ಹಳೆಯ ಪರೀಕ್ಷೆ. ನಮ್ಮ ಹುಡುಗರು ಅದನ್ನು ಬಾಯಿಪಾಠ ಮಾಡಿ ಅಂಕ ಗಳಿಸುತ್ತಾರೆ. ಆದರೆ 2018ರ ನವೆಂಬರ್ 29ರಂದು ಎಫ್‌ಡಿಎ ಕಂಪನಿಗೆ ಕಳಿಸಿದ ಎಚ್ಚರಿಕೆ ಪತ್ರದಿಂದ ತಿಳಿಯುವುದೇನೆಂದರೆ, ಈ ಕಲ್ಮಶವನ್ನು ಮುಂಗಾಣಲು ಉದ್ಯಮದ ಅಂದಿನ ರೂಢಿಯನ್ನು ಮೀರಿದ ಆಲೋಚನೆ ಬೇಕಿತ್ತು ಎಂದು ಕಂಪನಿ ಸಮರ್ಥಿಸಿಕೊಂಡಿತ್ತು. ಎಫ್‌ಡಿಎ ಅದನ್ನು ಒಪ್ಪಲಿಲ್ಲ. ನಾವೂ ಒಪ್ಪಬೇಕಾಗಿಲ್ಲ. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು. ಡೈಮೀಥೈಲ್ ಅಮೀನನ್ನು ಯಾರೂ ಕೈಯಾರೆ ಸುರಿದಿರಲಿಲ್ಲ. ಅದು ದ್ರಾವಕದಿಂದ ಹುಟ್ಟಿದ್ದು. ದ್ರಾವಕದ ಗುಣ ಪುಸ್ತಕದ ಒಂದು ಪುಟದಲ್ಲಿ, ಅಮೀನಿನ ಗುಣ ಇನ್ನೊಂದು ಪುಟದಲ್ಲಿ ಇತ್ತು. ಎರಡು ಪುಟಗಳನ್ನು ಒಟ್ಟಿಗೆ ಓದುವವರು ಇರಲಿಲ್ಲ.

ಜರಡಿಯ ಕಣ್ಣು

ಈಗ ಪರೀಕ್ಷೆಯ ವಿಷಯ. ಔಷಧದ ಶುದ್ಧತೆಯನ್ನು ಸಾಮಾನ್ಯವಾಗಿ ದ್ರವ ಕ್ರೊಮಟೋಗ್ರಫಿಯಿಂದ ಅಳೆಯುತ್ತಾರೆ. ಮಿಶ್ರಣವನ್ನು ಒಂದು ನಳಿಕೆಯ ಮೂಲಕ ಹಾಯಿಸಿ ಘಟಕಗಳನ್ನು ಬೇರ್ಪಡಿಸಿ, ಅವು ಹೊರಬರುವಾಗ ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತವೆ ಎಂದು ದಾಖಲಿಸುತ್ತಾರೆ. ಒಂದೊಂದು ಘಟಕಕ್ಕೆ ಒಂದೊಂದು ಶೃಂಗ. ಅಂತಾರಾಷ್ಟ್ರೀಯ ಮಾರ್ಗಸೂಚಿಯಂತೆ, ದಿನಕ್ಕೆ 2 ಗ್ರಾಂ ಮೀರದ ಔಷಧಗಳಲ್ಲಿ ಸಾಮಾನ್ಯ ಕಲ್ಮಶವೊಂದು ಶೇಕಡಾ 0.05ಕ್ಕಿಂತ ಕಡಿಮೆಯಿದ್ದರೆ ಅದನ್ನು ವರದಿ ಮಾಡಬೇಕಾಗಿಯೇ ಇಲ್ಲ.

ವಾಲ್‌ಸಾರ್ಟನ್‌ನಲ್ಲಿ ಎಷ್ಟಿತ್ತು? ಯುರೋಪಿನ ಸಂಸ್ಥೆ 2018ರ ಆಗಸ್ಟ್‌ನಲ್ಲಿ ಹೇಳಿದ ಸರಾಸರಿ ಪ್ರಮಾಣ ದಶಲಕ್ಷದಲ್ಲಿ 60 ಭಾಗ. ಅಂದರೆ ಶೇಕಡಾ 0.006. ವರದಿಯ ಹೊಸ್ತಿಲಿನ ಎಂಟನೇ ಒಂದು ಭಾಗದಷ್ಟೂ ಇಲ್ಲ! ಜರಡಿ ಹಿಡಿದವನು ತಪ್ಪು ಮಾಡಲಿಲ್ಲ. ಜರಡಿಯ ಕಣ್ಣೇ ದೊಡ್ಡದಾಗಿತ್ತು.

ಇದನ್ನು ಅಡುಗೆಮನೆಯ ಉದಾಹರಣೆಯಿಂದ ನೋಡೋಣ. ಮೊರದಲ್ಲಿ ಕೇರಿದರೆ ಹೊಟ್ಟು ಹಾರುತ್ತದೆ, ಜರಡಿ ಹಿಡಿದರೆ ಕಲ್ಲು ನಿಲ್ಲುತ್ತದೆ. ಆದರೆ ಸಾಸಿವೆಯನ್ನೇ ಹೋಲುವ ಆರ್ಜಿಮೋನ್ ಬೀಜ ಮೊರಕ್ಕೂ ಜರಡಿಗೂ ಸಾಸಿವೆಯೇ. 1998ರಲ್ಲಿ ದೆಹಲಿಯಲ್ಲಿ ಆರ್ಜಿಮೋನ್ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಅನೇಕರು ಸತ್ತರು. ಮೊರಕ್ಕೆ ತನ್ನದೇ ಆದ ಒಂದು ಪ್ರಶ್ನೆಯಿದೆ – ‘ಹಗುರವೋ, ಭಾರವೋ?’ ಜರಡಿಗೂ ಒಂದು ಪ್ರಶ್ನೆಯಿದೆ – ‘ಸಣ್ಣದೋ, ದೊಡ್ಡದೋ?’ ‘ವಿಷವೋ, ಅಲ್ಲವೋ?’ ಎಂದು ಅವುಗಳಲ್ಲಿ ಯಾವುದೂ ಕೇಳುವುದಿಲ್ಲ. ಯಾವ ಪರೀಕ್ಷೆಯೂ ತಾನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ.

ಇಲ್ಲಿ ನಿಯಮವೇ ಇರಲಿಲ್ಲ ಎನ್ನುವಂತಿಲ್ಲ. ಡಿಎನ್‌ಎಗೆ ಹಾನಿ ಮಾಡುವ ಕಲ್ಮಶಗಳ ಬಗೆಗಿನ ಎಂ-7 ಎಂಬ ಅಂತಾರಾಷ್ಟ್ರೀಯ ಮಾರ್ಗಸೂಚಿ 2014ರಲ್ಲೇ ನೈಟ್ರೋಸೋ ಸಂಯುಕ್ತಗಳನ್ನು ಅತಿ ಅಪಾಯಕಾರಿ ಗುಂಪಿನಲ್ಲಿ ಹೆಸರಿಸಿತ್ತು. ಕಾಗದದ ಮೇಲೆ ಎಚ್ಚರಿಕೆ ಇತ್ತು, ಪರೀಕ್ಷಾ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ.

ಅಪರಿಚಿತ ಶೃಂಗ

ಹಾಗಿದ್ದರೆ ಕೊನೆಗೆ ಅದು ಸಿಕ್ಕಿದ್ದು ಹೇಗೆ? ಅದೇ ಎಚ್ಚರಿಕೆ ಪತ್ರದ ಪ್ರಕಾರ, 2018ರ ಜೂನ್‌ನಲ್ಲಿ ಮೂಲದ್ರವ್ಯ ಕೊಂಡ ಗ್ರಾಹಕರೊಬ್ಬರು ಉಳಿಕೆ ದ್ರಾವಕಗಳ ಪರೀಕ್ಷೆ ಮಾಡುವಾಗ ಗುರುತು ಸಿಗದ ಒಂದು ಶೃಂಗವನ್ನು ಕಂಡು ದೂರು ಕೊಟ್ಟರು. ಆ ಪರೀಕ್ಷೆ ಎನ್‌ಡಿಎಂಎಯನ್ನು ಹುಡುಕಲು ಮಾಡಿದ್ದೇ ಅಲ್ಲ. ಯಾರೋ ಒಬ್ಬರು ‘ಇದೇನು?’ ಎಂದು ಕೇಳಿದರು, ಅಷ್ಟೆ. ಕಂಪನಿ ತನಿಖೆ ನಡೆಸಿ, ಸತುವಿನ ಕ್ಲೋರೈಡ್ ವಿಧಾನದಲ್ಲಿ ಮಾತ್ರ ಈ ತೊಂದರೆ ಎಂದಿತು. ಎಫ್‌ಡಿಎ ತಾನೇ ಮಾದರಿಗಳನ್ನು ಪರೀಕ್ಷಿಸಿದಾಗ, ಡಿಎಂಎಫ್ ಬಳಸದ ಇನ್ನೊಂದು ವಿಧಾನದ ಬ್ಯಾಚುಗಳಲ್ಲೂ ಅದು ಸಿಕ್ಕಿತು. ವಿವರಣೆಗೆ ಅವಸರಪಟ್ಟರೆ ಹೀಗಾಗುತ್ತದೆ.

ಭೌತಶಾಸ್ತ್ರದ ಇತಿಹಾಸದಲ್ಲಿ ಇದಕ್ಕೆ ಉಜ್ವಲವಾದ ಪೂರ್ವನಿದರ್ಶನವಿದೆ. ಗಾಳಿಯಿಂದ ಪಡೆದ ನೈಟ್ರೋಜನ್ ಲೀಟರಿಗೆ 1.257 ಗ್ರಾಂ, ರಾಸಾಯನಿಕವಾಗಿ ತಯಾರಿಸಿದ್ದು 1.251 ಗ್ರಾಂ. ಅರ್ಧ ಶೇಕಡಾ ವ್ಯತ್ಯಾಸವನ್ನು ಲಾರ್ಡ್ ರ್‍ಯಾಲೆ ‘ಪ್ರಯೋಗದ ದೋಷ’ ಎಂದು ತಳ್ಳಿಹಾಕಲಿಲ್ಲ. ರ್‍ಯಾಮ್ಸೆ ಜೊತೆ ಸೇರಿ 1894ರಲ್ಲಿ ಆರ್ಗಾನನ್ನು ಕಂಡುಹಿಡಿದರು.

ನನ್ನ ಒಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ಗ್ರೇಟಿಂಗ್ ಪ್ರಯೋಗದಲ್ಲಿ ವಿದ್ಯಾರ್ಥಿಯೊಬ್ಬ ಪಟ್ಟಿಯಲ್ಲಿಲ್ಲದ ಒಂದು ಮಸುಕು ರೇಖೆ ಕಂಡಿದೆ ಎಂದ. ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನವಿತ್ತು. ‘ಅದನ್ನು ಬರೆಯಬೇಡ’ ಎಂದೆ. ಅವನು ಆ ಸಾಲನ್ನು ಅಳಿಸಿ ಪೂರ್ಣ ಅಂಕ ಪಡೆದ. ಆ ರೇಖೆ ದೀಪದೊಳಗಿನ ಬೇರೆ ಅನಿಲದ್ದೋ, ಪಕ್ಕದ ಮೇಜಿನ ದೀಪದ್ದೋ ಇದ್ದೀತು. ಆದರೆ ಅಂದು ನಾನು ಕಲಿಸಿದ್ದು ಬೆಳಕಿನ ವಿವರ್ತನೆಯನ್ನಲ್ಲ, ಅಪರಿಚಿತ ಶೃಂಗವನ್ನು ಅಳಿಸುವ ವಿದ್ಯೆಯನ್ನು. ಅಂಥ ಹುಡುಗರೇ ನಾಳೆ ಔಷಧ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಕೂರುತ್ತಾರೆ ಎಂಬುದನ್ನು ನಾವು ಮರೆಯಬಾರದು.

ಅಳತೆಯೂ ಸುಳ್ಳು ಹೇಳಬಲ್ಲದು

ಇಷ್ಟು ಓದಿ, ಅತಿ ಸೂಕ್ಷ್ಮ ಯಂತ್ರ ತಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡರೆ ಅದೂ ತಪ್ಪು. ಎರಡು ಉದಾಹರಣೆ ನೋಡಿ.

ಮೊದಲನೆಯದು, ಹೊಟ್ಟೆಯ ಆಮ್ಲಕ್ಕೆ ಕೊಡುತ್ತಿದ್ದ ರ್‍ಯಾನಿಟಿಡಿನ್. 2019ರಲ್ಲಿ ಅಮೆರಿಕದ ವ್ಯಾಲಿಶೂರ್ ಎಂಬ ಖಾಸಗಿ ಪ್ರಯೋಗಾಲಯ ಒಂದೊಂದು ಮಾತ್ರೆಯಲ್ಲಿ 20 ಲಕ್ಷ ನ್ಯಾನೋಗ್ರಾಂಗೂ ಮೀರಿದ ಎನ್‌ಡಿಎಂಎ ಇದೆ ಎಂದು ವರದಿ ಮಾಡಿತು. ಅನಿಲ ಕ್ರೊಮಟೋಗ್ರಫಿಯ ಆ ವಿಧಾನದಲ್ಲಿ ಮಾದರಿಯನ್ನು 130 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲಾಗಿತ್ತು. ಆ ಶಾಖಕ್ಕೆ ರ್‍ಯಾನಿಟಿಡಿನ್ ಅಣುವೇ ಒಡೆದು ಎನ್‌ಡಿಎಂಎ ಹುಟ್ಟುತ್ತಿತ್ತು! ಕಾಯಿಸದೆ ಅಳೆದಾಗ ಎಫ್‌ಡಿಎಗೆ ಸಿಕ್ಕ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ. ಅಳತೆಯೇ ಅಳೆಯಬೇಕಾದ್ದನ್ನು ಹುಟ್ಟಿಸಿತ್ತು. ಕಥೆ ಅಲ್ಲಿಗೇ ಮುಗಿಯಲಿಲ್ಲ. ಬೇಗ ಒಡೆಯುವ ಅಣು ಕಪಾಟಿನಲ್ಲೂ ನಿಧಾನವಾಗಿ ಒಡೆಯುತ್ತದೆ. ಶೇಖರಣೆಯ ಕಾಲ ಮತ್ತು ಉಷ್ಣತೆ ಹೆಚ್ಚಿದಂತೆ ಕಲ್ಮಶ ಹೆಚ್ಚುವುದು ಖಚಿತವಾದ ಮೇಲೆ, 2020ರ ಏಪ್ರಿಲ್‌ನಲ್ಲಿ ಎಫ್‌ಡಿಎ ರ್‍ಯಾನಿಟಿಡಿನ್ ಅನ್ನು ಪೂರ್ತಿ ಹಿಂತೆಗೆಯಲು ಹೇಳಿತು. ಸಂಖ್ಯೆ ತಪ್ಪಾಗಿತ್ತು, ಸಂಶಯ ಸರಿಯಾಗಿತ್ತು.

ಎರಡನೆಯದು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್. ಇದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಹೇಳಿ ಮಾಡಿಸಿದ ಪಾಠ. ದ್ರವ್ಯರಾಶಿ ರೋಹಿತಮಾಪಿ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್, ಅಯಾನುಗಳನ್ನು ಅವುಗಳ ರಾಶಿಯಿಂದ ಗುರುತಿಸುತ್ತದೆ. ಒಂದು ಪ್ರೋಟಾನ್ ಅಂಟಿಕೊಂಡ ಎನ್‌ಡಿಎಂಎ ಅಯಾನಿನ ರಾಶಿ 75.0553. ಡಿಎಂಎಫ್ ಅಯಾನಿನದು 74.0600. ಬೇರೆ ಬೇರೆಯಲ್ಲವೇ? ಆದರೆ ಪ್ರಕೃತಿಯಲ್ಲಿ ನೈಟ್ರೋಜನ್‌ನ ಶೇಕಡಾ 0.37ರಷ್ಟು ಪರಮಾಣುಗಳು ನೈಟ್ರೋಜನ್-15 ಐಸೊಟೋಪಿನವು. ಅಂಥ ಪರಮಾಣುವಿರುವ ಡಿಎಂಎಫ್ ಅಯಾನಿನ ರಾಶಿ 75.0571. ಈಗ ಎರಡರ ಅಂತರ ಕೇವಲ 0.0018. ಇವನ್ನು ಬೇರೆಯಾಗಿ ಕಾಣಲು ಯಂತ್ರದ ಪೃಥಕ್ಕರಣ ಸಾಮರ್ಥ್ಯ 75ನ್ನು 0.0018ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 42,000 ಇರಬೇಕು. ಇಲ್ಲವೇ ಕ್ರೊಮಟೋಗ್ರಫಿಯಲ್ಲೇ ಎರಡನ್ನೂ ಮೊದಲು ಬೇರ್ಪಡಿಸಿರಬೇಕು.

ಡಿಎಂಎಫ್ ದ್ರಾವಕ ಔಷಧದಲ್ಲಿ ದಶಲಕ್ಷದಲ್ಲಿ 880 ಭಾಗದವರೆಗೆ ಉಳಿದಿರಲು ಅನುಮತಿಯಿದೆ. ಅದರ ಶೇಕಡಾ 0.37 ಎಂದರೆ ಸುಮಾರು 3.2 ಭಾಗ. ಎರಡೂ ಒಂದೇ ಪ್ರಮಾಣದಲ್ಲಿ ಅಯಾನುಗಳಾಗುತ್ತವೆ ಎಂದುಕೊಂಡರೆ, ಕಾನೂನುಬದ್ಧವಾದ ದ್ರಾವಕವೇ ‘3.2 ಭಾಗ ಎನ್‌ಡಿಎಂಎ’ ಎಂಬ ವೇಷ ಹಾಕಿ ನಿಲ್ಲಬಲ್ಲದು. ವಾಲ್‌ಸಾರ್ಟನ್‌ಗೆ ಹಾಕಿದ ಮಿತಿ 0.3 ಭಾಗ! 2020ರಲ್ಲಿ ಖಾಸಗಿ ಪ್ರಯೋಗಾಲಯ ಮೆಟ್‌ಫಾರ್ಮಿನ್‌ನಲ್ಲಿ ಕಂಡ ಎನ್‌ಡಿಎಂಎ ಪ್ರಮಾಣ ವಾಸ್ತವಕ್ಕಿಂತ ಹೆಚ್ಚಾಗಿ ಕಂಡದ್ದಕ್ಕೆ ಡಿಎಂಎಫ್‌ನ ಈ ಹಸ್ತಕ್ಷೇಪ ಕಾರಣ ಎಂದು ಎಫ್‌ಡಿಎ ವಿಜ್ಞಾನಿಗಳು ತೋರಿಸಿದರು. ಕೆಲವು ಮಾದರಿಗಳಲ್ಲಿ ಕಲ್ಮಶ ನಿಜವಾಗಿಯೂ ಇತ್ತು, ಆದರೆ ಎಲ್ಲದರಲ್ಲೂ ಅಲ್ಲ.

ಒಂದೇ ಗೆರೆ, ಎರಡು ಸಂಖ್ಯೆ

ಇನ್ನು ಅಪಾಯದ ಲೆಕ್ಕಕ್ಕೆ ಬರೋಣ. ಅತಿ ಹೆಚ್ಚಿನ ಡೋಸನ್ನು 7 ವರ್ಷ ನುಂಗಿದ 5,000 ಜನರಲ್ಲಿ ಒಬ್ಬರಿಗೆ ಹೆಚ್ಚುವರಿ ಕ್ಯಾನ್ಸರ್ ಬರಬಹುದು ಎಂದು ಯುರೋಪಿನ ಸಂಸ್ಥೆ 2018ರಲ್ಲಿ ಹೇಳಿತು. 4 ವರ್ಷ ನುಂಗಿದ 8,000 ಜನರಲ್ಲಿ ಒಬ್ಬರಿಗೆ ಎಂದು ಎಫ್‌ಡಿಎ ಹೇಳಿತು. ಎರಡು ಸಂಸ್ಥೆಗಳು ಎರಡು ರೀತಿ ಹೇಳುತ್ತಿವೆ ಎಂದು ಅನೇಕರಿಗೆ ಗೊಂದಲವಾಯಿತು. ತರಗತಿಯಲ್ಲಿ ಕೂತು ಲೆಕ್ಕ ಮಾಡಿ.

ದಿನಕ್ಕೊಂದು ಪ್ರಮಾಣದಂತೆ ಜೀವಮಾನವಿಡೀ ಕೊಟ್ಟರೆ ಅರ್ಧದಷ್ಟು ಇಲಿಗಳಿಗೆ ಗಂತಿ ಬರಿಸುವ ಎನ್‌ಡಿಎಂಎ ಪ್ರಮಾಣ ಕಿಲೋಗ್ರಾಂ ತೂಕಕ್ಕೆ 0.0959 ಮಿಲಿಗ್ರಾಂ. ‘ಅರ್ಧ’ದಿಂದ ‘ಲಕ್ಷಕ್ಕೆ ಒಂದು’ ಎಂಬಲ್ಲಿಗೆ ಇಳಿಯಲು 50,000ದಿಂದ ಭಾಗಿಸಬೇಕು. 50 ಕಿಲೋ ತೂಕದ ಮನುಷ್ಯನಿಗೆ ಗುಣಿಸಬೇಕು. ಬರುವ ಉತ್ತರ ದಿನಕ್ಕೆ 96 ನ್ಯಾನೋಗ್ರಾಂ. ಇದೇ ಸ್ವೀಕಾರಾರ್ಹ ಮಿತಿ. ಇದನ್ನು 70 ವರ್ಷ ದಿನವೂ ಸೇವಿಸಿದರೆ ಲಕ್ಷದಲ್ಲಿ ಒಬ್ಬರಿಗೆ ಅಪಾಯ ಎಂದು ಅರ್ಥ.

320 ಮಿಲಿಗ್ರಾಂ ವಾಲ್‌ಸಾರ್ಟನ್‌ನಲ್ಲಿ ದಶಲಕ್ಷಕ್ಕೆ 60 ಭಾಗವೆಂದರೆ 19.2 ಮೈಕ್ರೋಗ್ರಾಂ, ಅಂದರೆ ಮಿತಿಯ 200 ಪಟ್ಟು. ಲಕ್ಷಕ್ಕೆ ಒಂದನ್ನು 200ರಿಂದ ಗುಣಿಸಿ, 70 ವರ್ಷದಲ್ಲಿ 7 ವರ್ಷವೆಂದು 10ರಿಂದ ಭಾಗಿಸಿ. ಸಿಗುವುದು 5,000ಕ್ಕೆ ಒಂದು. 7ರ ಬದಲು 4 ಹಾಕಿದರೆ ಸುಮಾರು 8,750ಕ್ಕೆ ಒಂದು. ಕಲ್ಮಶದ ಪ್ರಮಾಣ 20 ಮೈಕ್ರೋಗ್ರಾಂ ದಾಟಿದರೆ ಅದು 8,000ದ ಹತ್ತಿರ ಬರುತ್ತದೆ. ಎರಡೂ ಒಂದೇ ಗೆರೆಯ ಮೇಲಿನ ಬಿಂದುಗಳು. ಅವು ರೋಗಿಗಳನ್ನು ಎಣಿಸಿ ಪಡೆದ ಸಂಖ್ಯೆಗಳಲ್ಲ. ಹೆಚ್ಚಿನ ಪ್ರಮಾಣ ತಿಂದ ಇಲಿಯಿಂದ ಸೊನ್ನೆಯವರೆಗೆ ಎಳೆದ ಸರಳರೇಖೆ. ಎಚ್ಚರಿಕೆಯ ದೃಷ್ಟಿಯಿಂದ ಅದು ಸರಿ. ಆದರೆ ಅದನ್ನು ಕಣ್ಣಾರೆ ಕಂಡ ಸತ್ಯವೆಂಬಂತೆ ಪ್ರಕಟಿಸುವುದು ಸರಿಯಲ್ಲ.

ರೋಗಿಗಳನ್ನು ಎಣಿಸಿದವರೂ ಇದ್ದಾರೆ. ಡೆನ್ಮಾರ್ಕಿನಲ್ಲಿ 5,150 ಜನರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ 2018ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಗಣನೀಯ ಹೆಚ್ಚಳ ಕಾಣಲಿಲ್ಲ. ‘ಹಾಗಾದರೆ ಅಪಾಯವೇ ಇಲ್ಲ’ ಎನ್ನಬಹುದೇ? ಕಲ್ಮಶಕ್ಕೆ ಒಡ್ಡಿಕೊಂಡಿದ್ದ 3,450 ಜನರಲ್ಲಿ 198 ಕ್ಯಾನ್ಸರ್ ಪ್ರಕರಣಗಳಿದ್ದವು. 198ರ ವರ್ಗಮೂಲ ಸುಮಾರು 14. ಯಾದೃಚ್ಛಿಕ ಏರಿಳಿತವೇ ಅಷ್ಟಿರುತ್ತದೆ. ಮೇಲಿನ ಗೆರೆಯ ಪ್ರಕಾರ ಇಷ್ಟು ಜನರಲ್ಲಿ ನಿರೀಕ್ಷಿಸಬಹುದಾದ ಹೆಚ್ಚಳ ಒಂದಕ್ಕಿಂತ ಕಡಿಮೆ. 14ರ ಗದ್ದಲದಲ್ಲಿ ಒಂದರ ದನಿ ಕೇಳಿಸುವುದಿಲ್ಲ. ಯಂತ್ರಕ್ಕಿರುವಂತೆ ಅಧ್ಯಯನಕ್ಕೂ ಪತ್ತೆಯ ಮಿತಿ ಇದೆ. ಇಲ್ಲಿಯೂ ‘ಕಾಣಲಿಲ್ಲ’ ಎಂಬುದೇ ಸರಿಯಾದ ಮಾತು.

ಮಿತಿಯೆಂಬುದು ನಿಸರ್ಗದ ನಿಯಮವೂ ಅಲ್ಲ. 2019ರಲ್ಲಿ ಹೈದರಾಬಾದಿನ ಹೆಟೆರೊ ಕಂಪನಿಯ ಲೊಸಾರ್ಟನ್‌ನಲ್ಲಿ ಎನ್‌ಎಂಬಿಎ ಎಂಬ ಇನ್ನೊಂದು ನೈಟ್ರೋಸೋ ಅಮೀನ್ ಸಿಕ್ಕಿತು. ಅದರ ಮಿತಿ 0.96 ಭಾಗ. ಆದರೆ ಅಷ್ಟನ್ನೇ ಪಟ್ಟು ಹಿಡಿದರೆ ಮಾತ್ರೆಯೇ ಸಿಗದಂತಾದೀತೆಂದು ಎಫ್‌ಡಿಎ 9.82 ಭಾಗದವರೆಗೆ ತಾತ್ಕಾಲಿಕವಾಗಿ ಬಿಟ್ಟುಕೊಟ್ಟಿತು. ಅದು ಅಪಾಯ ಮತ್ತು ಕೊರತೆಯನ್ನು ತಕ್ಕಡಿಯ ಎರಡು ತಟ್ಟೆಯಲ್ಲಿಟ್ಟು ಮಾಡಿದ ತೀರ್ಮಾನ. ಆ ತಕ್ಕಡಿಯನ್ನು ಬಹಿರಂಗವಾಗಿ ತೋರಿಸಿದ್ದು ಮೆಚ್ಚತಕ್ಕದ್ದು.

ನಮಗೆ ಬೇಕಾದದ್ದು

ನಮ್ಮ ದೇಶ ಜಗತ್ತಿಗೆ ಔಷಧ ಮಾಡಿಕೊಡುವ ದೇಶ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳೂ ಗುಣಮಟ್ಟವಿಲ್ಲದ ಔಷಧಗಳ ಪಟ್ಟಿ ಪ್ರಕಟಿಸುತ್ತದೆ. ಇದು ಒಳ್ಳೆಯ ಕೆಲಸ. ಆದರೆ ಆ ಪಟ್ಟಿ ಹೇಳುವುದು ನಪಾಸಾದವರ ಕಥೆಯನ್ನು. ಪಾಸಾದ ಮಾದರಿಗೆ ಕೇಳಿದ ಪ್ರಶ್ನೆಗಳೇನು, ನೈಟ್ರೋಸೋ ಅಮೀನಿಗಾಗಿ ಹುಡುಕಿದ್ದರೇ, ಹುಡುಕಿದ್ದರೆ ಎಷ್ಟು ಸೂಕ್ಷ್ಮವಾಗಿ ಎಂಬುದು ಮಾತ್ರೆ ನುಂಗುವವನಿಗೆ ಅದರಿಂದ ತಿಳಿಯುವುದಿಲ್ಲ. ವರದಿಯಲ್ಲಿ ಮೂರು ವಿಷಯ ಇರಲೇಬೇಕು: ಏನನ್ನು ಹುಡುಕಿದಿರಿ, ಯಾವ ವಿಧಾನದಿಂದ, ಪತ್ತೆಯ ಮಿತಿ ಎಷ್ಟು. ಈ ಮೂರಿಲ್ಲದೆ ‘ಸರಿಯಿದೆ’ ಎನ್ನುವುದು ಪ್ರಮಾಣಪತ್ರವೇ ಹೊರತು ಮಾಪನವಲ್ಲ. ಜೊತೆಗೆ, ಕೋಟಿ ರೂಪಾಯಿ ಲೆಕ್ಕದ ಯಂತ್ರ ಕೊಳ್ಳುವ ಮೊದಲು, ತಯಾರಿಕೆಯ ಪ್ರತಿ ಹಂತದಲ್ಲೂ ಏನು ಹುಟ್ಟಬಹುದು ಎಂದು ಕಾಗದದ ಮೇಲೆ ಯೋಚಿಸುವ ರೂಢಿ ಬರಬೇಕು. ಟೆಲ್ಮಿಸಾರ್ಟನ್‌ನಲ್ಲಿ ಟೆಟ್ರಾಜೋಲ್ ಬಳೆಯಿಲ್ಲ. ಹಾಗಾಗಿ ಅಜೈಡಿನ ಈ ದಾರಿ ಅಲ್ಲಿಲ್ಲ. ಹಾಗೆಂದು ಬೇರೆ ದಾರಿಗಳೇ ಇಲ್ಲವೆಂದಲ್ಲ. 2022ರಲ್ಲಿ ಕ್ವಿನಾಪ್ರಿಲ್ ಎಂಬ ಇನ್ನೊಂದು ಬಗೆಯ ರಕ್ತದೊತ್ತಡದ ಮಾತ್ರೆಯನ್ನೂ ನೈಟ್ರೋಸೋ ಅಮೀನಿನ ಕಾರಣಕ್ಕೆ ಅಮೆರಿಕದಲ್ಲಿ ಹಿಂತೆಗೆಯಲಾಯಿತು.

ಒಂದು ಮಾತನ್ನು ಒತ್ತಿ ಹೇಳಬೇಕು. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಹತೋಟಿ ತಪ್ಪಿದ ರಕ್ತದೊತ್ತಡ ಪಾರ್ಶ್ವವಾಯು, ಹೃದಯಾಘಾತಗಳಿಗೆ ದಾರಿ. ಆ ಅಪಾಯ ಸಾವಿರಕ್ಕೊಂದು, ಲಕ್ಷಕ್ಕೊಂದು ಎನ್ನುವ ಮಟ್ಟದ್ದಲ್ಲ. ಸಂಶಯವಿದ್ದರೆ ವೈದ್ಯರನ್ನು ಕೇಳಿ ಮಾತ್ರೆ ಬದಲಿಸಬಹುದು. ನಾನು ನನ್ನ ಮಾತ್ರೆಯನ್ನು ಇವತ್ತು ಬೆಳಗ್ಗೆಯೂ ನುಂಗಿದ್ದೇನೆ.

ಅಧ್ಯಾಪಕ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಪ್ರಾಯೋಗಿಕ ತರಗತಿಯಲ್ಲಿ ದಾಖಲೆ ಪುಸ್ತಕದ ಕೊನೆಗೆ ಒಂದು ಖಾಲಿ ಸಾಲು ಬಿಡಿಸಿ. ‘ನಿರೀಕ್ಷಿಸದೆ ಕಂಡದ್ದು’ ಎಂದು ಅದಕ್ಕೆ ಹೆಸರಿಡಿ. ಅದಕ್ಕೂ ಎರಡು ಅಂಕ ಕೊಡಿ. ನಾನು ಕೊಡಲು ಶುರುಮಾಡಿದ್ದೇನೆ. ಬಹಳಷ್ಟು ಸಲ ಆ ಸಾಲಿನಲ್ಲಿ ಬರುವುದು ಸಡಿಲ ತಂತಿಯೋ, ಪಕ್ಕದ ಮೇಜಿನ ಬೆಳಕೋ ಆಗಿರುತ್ತದೆ. ಇರಲಿ. ‘ಇದೇನು?’ ಎಂದು ಕೇಳುವ ಅಭ್ಯಾಸ ಉಳಿದರೆ ಸಾಕು.